ಅಂಗಿಯ ಕೆಳಗಿನ ಚುಟಿಗೆ

ಪುಟ್ಟಿ ಉಸಿರೆಳೆದಾಗಲೆಲ್ಲ ಪಕ್ಕೆಲುಬುಗಳ ನಡುವಿನ ಚರ್ಮ ಒಳಗೆ ಹೋಗುತ್ತಿತ್ತು. ಮೂಗಿನ ಹೊಳ್ಳೆಗಳು ಅರಳಿ ಮುಚ್ಚುತ್ತಿದ್ದವು. ಇನ್ನೂ ವರ್ಷ ತುಂಬದ ಕೂಸು. ಅಳುವುದಕ್ಕೂ ಉಸಿರು ಬೇಕು. ಅದು ಇಲ್ಲದ್ದರಿಂದ ಅವಳು ಅಳುತ್ತಿರಲಿಲ್ಲ. ಸುಮ್ಮನೆ ನೋಡುತ್ತಿದ್ದಳು.

ಸುಮಂಗಲಾ ಉಗುರುಬೆಚ್ಚಗಿನ ನೀರಿನಲ್ಲಿ ಬಟ್ಟೆ ಅದ್ದಿ ಕೂಸಿನ ಕೈಕಾಲು ಒರೆಸಿದಳು. ಕಂಕುಳಲ್ಲಿ, ಕಿವಿಯ ಹಿಂದೆ, ತಲೆಗೂದಲಿನ ಬುಡದಲ್ಲಿ ಸಿಮೆಂಟಿನ ಬೂದು ಕೂತಿತ್ತು. ಎಷ್ಟು ಒರೆಸಿದರೂ ಬಟ್ಟೆಗೆ ಬಣ್ಣ ಹತ್ತುತ್ತಲೇ ಇತ್ತು. ಮೂಗಿಗೆ ಎರಡು ಹನಿ ಉಪ್ಪುನೀರು ಬಿಟ್ಟಳು. ಆಮೇಲೆ ಹೊಟ್ಟೆಯ ಮೇಲಿನ ಹಳೇ ಬಟ್ಟೆ ಸರಿಸಿ ಕೈ ನಿಲ್ಲಿಸಿದಳು.

ಹೊಕ್ಕುಳಿನ ಸುತ್ತ ಚುಟಿಗೆ. ಕಡಲೆಕಾಳಿನಷ್ಟು ಅಗಲದ ಸುಟ್ಟ ಗಾಯಗಳು. ಒಂದು ಇನ್ನೂ ಹಸಿ ಇತ್ತು.

"ಯಾರ್ ಹಾಕಿದ್ರು?" ಎಂದು ಕೇಳಿದಳು.

ಗೋಡೆಗೆ ಒರಗಿ ನಿಂತಿದ್ದ ಕೂಸಿನ ತಾಯಿ ಹುಲಿಗೆವ್ವ ನೆಲ ನೋಡಿದಳು. ಇಪ್ಪತ್ತು ದಾಟಿದ್ದರೆ ಹೆಚ್ಚು. "ನಮ್ಮ ಶೆಡ್ಡಿನ ಶರಣಮ್ಮಾಯಿ ಹಾಕಿದ್ಳು, ಯಕ್ಕಾ. ಅರಿಶಿಣ ಕೊಂಬು ಕಾಸಿ. ಪಕ್ಕಿ ಹಾರ್ಲಾಕತ್ತಿದ್ವು. ದವಾಖಾನಿಗೆ ಹೋಗ್ತೀನಿ, ರಜಾ ಕೊಡ್ರಿ ಅಂತ ಸುಪರ್ವೈಜರ್‌ಗೆ ಕೇಳಿದೆ. ಸ್ಲ್ಯಾಬ್ ಮುಗೀಲಿ ಅಂದ. ಮತ್ತೇನ್ ಮಾಡ್ಲಿ ನಾ?"

ಸುಮಂಗಲಾ ಮುಲಾಮಿನ ಟ್ಯೂಬು ಹುಡುಕಿ ತೆಗೆದಳು. ಅವಳ ಹೊಟ್ಟೆಯ ಮೇಲೂ ಅಂಥದೇ ಗುರುತುಗಳಿದ್ದವು. ಯಾವ ಕಾಯಿಲೆಗೆ, ಯಾರು ಹಾಕಿದ್ದು ಎಂದು ಅವ್ವನನ್ನು ಅವಳು ಎಂದೂ ಕೇಳಿರಲಿಲ್ಲ. ಲಿಂಗಸೂಗೂರಿನಿಂದ ಅಪ್ಪನ ಹೆಗಲ ಮೇಲೆ ಕೂತು ಪುಣೆಗೆ ಬಂದವಳು, ತಗಡಿನ ಶೆಡ್ಡಿನಲ್ಲಿ ಬೆಳೆದವಳು, ಮರಾಠಿ ಶಾಲೆಯಲ್ಲಿ ಹತ್ತನೆಯ ತರಗತಿಯ ತನಕ ಓದಿದವಳು. ಈಗ ಪುಣೆಯ ಕೊಂಢವಾ ಬಡಾವಣೆಯ ಈ ಮಕ್ಕಳ ಆಸ್ಪತ್ರೆಯಲ್ಲಿ ಮಾವಶಿ, ಅಂದರೆ ಆಯಾ. ನೆಲ ಒರೆಸುವುದು, ಬಟ್ಟೆ ಬದಲಿಸುವುದು, ಸೂಜಿ ಚುಚ್ಚುವಾಗ ಮಕ್ಕಳನ್ನು ಹಿಡಿದುಕೊಳ್ಳುವುದು. ದಿನ ಕಳೆದಂತೆ ಹಬೆಯ ಮಷಿನ್ ಹಚ್ಚುವುದು, ರಾತ್ರಿ ಪಾಳಿಯಲ್ಲಿ ಸಲೈನ್ ಬದಲಿಸುವುದೂ ಅವಳ ಮೇಲೆ ಬಿತ್ತು. ಪಗಾರ ಮಾತ್ರ ನೆಲ ಒರೆಸುವುದಕ್ಕೆ.

ಇನ್ನೊಂದು ಕೆಲಸವೂ ಇತ್ತು. ಸುತ್ತಲಿನ ಕಟ್ಟಡದ ಸೈಟುಗಳಲ್ಲಿ ಯಾದಗಿರಿ, ರಾಯಚೂರು ಕಡೆಯವರೇ ಹೆಚ್ಚು. ಡಾಕ್ಟರ್ ರೋಹಿತ ಸರ್ ಮರಾಠಿಯಲ್ಲಿ ಹೇಳಿದ್ದನ್ನು ಅವಳು ಕನ್ನಡದಲ್ಲಿ ಹೇಳಬೇಕು. ಸರ್ ಹೇಳಿದಷ್ಟು ಮಾತ್ರ. ಅವರು ಹೇಳದೆ ಬಿಟ್ಟದ್ದು ಅವಳ ಹೊಟ್ಟೆಯಲ್ಲೇ ಇರಬೇಕು. ಹಾಗೆ ಉಳಿದದ್ದು ಎಷ್ಟಿತ್ತೆಂದರೆ, ಮನೆಗೆ ಹೋದ ಮೇಲೂ ಅವಳಿಗೆ ಮಾತು ಬರುತ್ತಿರಲಿಲ್ಲ. "ನಿನ್ನ ಬಾಯಾಗ ಏನ್ ತುಂಬ್ಕೊಂಡೀಯೇ?" ಎಂದು ಅವ್ವ ಬೈಯುತ್ತಿದ್ದಳು.

ಇವತ್ತು ಅವಳ ಮೈಮೇಲೆ ನರ್ಸಿನ ಬಿಳಿ ಬಟ್ಟೆ ಇತ್ತು. ಬೆಳಿಗ್ಗೆ ಕೇತಕಿ ಸಿಸ್ಟರ್ ಕೊಟ್ಟದ್ದು. ಆ ಆಸ್ಪತ್ರೆಯಲ್ಲಿ ನರ್ಸಿಂಗ್ ಓದಿದವರು ಕೇತಕಿ ಒಬ್ಬರೇ.

"ಹೊಸ ರೂಮಿನ ಉದ್ಘಾಟನೆಯ ಫೋಟೋದಲ್ಲಿ ನಾಲ್ಕು ಸಿಸ್ಟರ್ ಕಾಣಬೇಕಂತೆ. ಸಂಜೆ ಒಗೆದು ವಾಪಸ್ ಕೊಡು," ಎಂದಿದ್ದರು ಕೇತಕಿ. ಕಣ್ಣಲ್ಲಿ ಕಣ್ಣಿಟ್ಟು ಹೇಳಿರಲಿಲ್ಲ.

ಕೂಸಿಗೂ ಹೊಸ ಅಂಗಿ ಬಂದಿತ್ತು. ಗುಲಾಬಿ ಬಣ್ಣ, ಕೊರಳಿಗೆ ಲೇಸು. "ಹೊಟ್ಟೆ ಕಾಣಬಾರದು," ಎಂದು ರೋಹಿತ ಸರ್ ಹೇಳಿದ್ದರು. ಸುಮಂಗಲಾ ಗಾಯಕ್ಕೆ ಮುಲಾಮು ಹಚ್ಚಿ, ಮೆತ್ತನೆ ಬಟ್ಟೆ ಇಟ್ಟು, ಅಂಗಿ ತೊಡಿಸಿದಳು. ತಲೆಯ ಕಡೆ ಹಾಸಿಗೆ ಎತ್ತರಿಸಿದಳು. ಗೋಡೆಯಿಂದ ಬರುವ ಆಕ್ಸಿಜನ್ ಪೈಪನ್ನು ಮೂಗಿಗೆ ಹಚ್ಚಿ ಕೆನ್ನೆಗೆ ಟೇಪು ಅಂಟಿಸಿದಳು. ಸ್ವಲ್ಪ ಹೊತ್ತಿಗೆ ಪುಟ್ಟಿಯ ತುಟಿಗೆ ಬಣ್ಣ ಬಂತು. ಪಕ್ಕೆ ಇನ್ನೂ ಹಾರುತ್ತಿತ್ತು. ಆದರೆ ಕಣ್ಣು ತಾಯಿಯನ್ನು ಹುಡುಕಿತು.

"ಗುರುತು ಹಿಡದ್ಳು," ಎಂದಳು ಹುಲಿಗೆವ್ವ. ಅಷ್ಟು ಹೇಳಿ ಸೆರಗು ಬಾಯಿಗೆ ಒತ್ತಿಕೊಂಡಳು.

ಹುಲಿಗೆವ್ವನ ಗಂಡ ಭೀಮಣ್ಣ ಬಾಗಿಲ ಹೊರಗೆ ಚಪ್ಪಲಿ ಬಿಟ್ಟು ನಿಂತಿದ್ದ. ಅವನಿಗೆ ಇನ್ನೂ ನಂಬಿಕೆ ಬಂದಿರಲಿಲ್ಲ. "ಅಕ್ಕಾರ, ರಜಾ ಇಲ್ಲ ಅಂದಾವ ಅವನೇ ಮುಂಜಾನೆ ಜೀಪ್ ತಗೊಂಡು ಬಂದ್ರಿ. ಶೆಡ್ ಶೆಡ್ ತಿರುಗಿ, ಯಾರ ಮಗೂಗೆ ಜಡ್ಡಾಗ್ಯಾದ ಅಂತ ಕೇಳಿದ. ಹೊತ್ತು ಯಾವ ಕಡಿ ಮೂಡ್ಯಾದೋ ಅಂತ ನೋಡಿದ್ವಿರಿ ನಾವು."

ಹೊತ್ತು ಎಲ್ಲಿ ಮೂಡಿದೆ ಎಂಬುದು ಸುಮಂಗಲಾಗೆ ಗೊತ್ತಿತ್ತು. ಅವಳು ಹಾಸಿಗೆಯ ಸುಕ್ಕು ಎಳೆದು ಸರಿಮಾಡಿದಳು.

*

ಭೀಮಣ್ಣನ ಸೈಟಿನ ಬಿಲ್ಡರ್ ಶೇಠ ಹನ್ನೊಂದರ ಸುಮಾರಿಗೆ ಬಂದರು. ಬಾಗಿಲಿಗೆ ಕಟ್ಟಿದ ಕೆಂಪು ರಿಬ್ಬನ್ ಕತ್ತರಿಸಿದರು. ಬಾಗಿಲ ಮೇಲೆ ಹಿತ್ತಾಳೆಯ ಫಲಕ: ಕಾರ್ಮಿಕರ ಮಕ್ಕಳ ಆರೋಗ್ಯ ಕೊಠಡಿ. ಕೆಳಗೆ, ದುಡ್ಡು ಕೊಟ್ಟ ಶೇಠರ ತಂದೆಯ ಹೆಸರು. ಒಳಗೆ ಒಂದೇ ಹಾಸಿಗೆ, ಗೋಡೆಗೆ ಹೊಸ ಬಣ್ಣ, ಬಣ್ಣದಲ್ಲಿ ಜಿರಾಫೆ. ಆಸ್ಪತ್ರೆಯ ಉಳಿದ ಆಕ್ಸಿಜನ್ ಹಾಸಿಗೆಗಳಲ್ಲೆಲ್ಲ ಮಕ್ಕಳಿದ್ದರು. ಮಳೆಗಾಲ ಮುಗಿಯುವ ಹೊತ್ತು, ಊರ ತುಂಬ ಕೆಮ್ಮು.

ಶೇಠ ಪುಟ್ಟಿಯ ತಲೆಯ ಮೇಲೆ ಕೈ ಇಟ್ಟರು. ಫೋಟೋದವನು ಇನ್ನೊಂದು ಸಲ ಅಂದ. ಮತ್ತೆ ಇಟ್ಟರು. ತಾಯಿ ಎಲ್ಲಿ ಎಂದು ಯಾರೋ ಕೇಳಿದರು. ಹುಲಿಗೆವ್ವನನ್ನು ಮುಂದೆ ತಳ್ಳಿದರು. ನಗಲು ಹೇಳಿದರು. ಅವಳಿಗೆ ಮರಾಠಿ ತಿಳಿಯಲಿಲ್ಲ. ಸುಮಂಗಲಾ ಹೇಳಿದಳು: "ನಗು ಅಂತಾರ."

"ಯಾಕ?" ಎಂದಳು ಹುಲಿಗೆವ್ವ.

ಸುಮಂಗಲಾ ಅದನ್ನು ಮರಾಠಿಗೆ ತರಲಿಲ್ಲ.

ಫೋಟೋ ಆಯಿತು. ಪೇಢೆ ಹಂಚಿದರು. ಸುಪರ್ವೈಜರ್ ತನ್ನ ಮೊಬೈಲಿನಲ್ಲೂ ಒಂದು ಫೋಟೋ ಹೊಡೆದು, ನಿಂತ ಕಾಲಲ್ಲೇ ಸೈಟಿನ ಕೆಲಸಗಾರರ ವಾಟ್ಸಾಪ್ ಗುಂಪಿಗೆ ಹಾಕಿದ. ಹೋಗುತ್ತ ಭೀಮಣ್ಣನ ಕಡೆ ತಿರುಗಿದ. "ಇವತ್ತು ಸ್ಲ್ಯಾಬ್ ಇದೆ, ಗೊತ್ತಲ್ಲ? ಫೋಟೋ ಮುಗೀತು. ಬೇಗ ಬಾ."

ಸ್ಲ್ಯಾಬಿನ ದಿನ ಎಂದರೆ ಏನು ಎಂದು ಸುಮಂಗಲಾಗೆ ಯಾರೂ ಹೇಳಬೇಕಿರಲಿಲ್ಲ. ಮಿಕ್ಸರ್ ತಿರುಗಲು ಶುರುವಾದರೆ ಛಾವಣಿ ತುಂಬುವ ತನಕ ನಿಲ್ಲುವಂತಿಲ್ಲ. ಕಲಸಿದ ಕಾಂಕ್ರೀಟು ಕಾಯುವುದಿಲ್ಲ. ಅರ್ಧಕ್ಕೆ ಬಿಟ್ಟರೆ ಬಿಟ್ಟಲ್ಲೇ ಗಟ್ಟಿಯಾಗುತ್ತದೆ, ಆಮೇಲೆ ಹಾಕಿದ್ದು ಅದರ ಜೊತೆ ಕೂಡುವುದಿಲ್ಲ. ಅದಕ್ಕೇ ಆ ದಿನ ಬಸುರಿಗೂ ಬಿಡುವಿಲ್ಲ, ಬಾಣಂತಿಗೂ ಬಿಡುವಿಲ್ಲ. ಅವಳ ಅವ್ವ ತಲೆಯ ಮೇಲೆ ಬುಟ್ಟಿ ಹೊತ್ತು ಮೆಟ್ಟಿಲೇರುತ್ತಿದ್ದಾಗ ಎದೆಹಾಲು ಸೋರಿ ರವಿಕೆ ತೊಯ್ದದ್ದನ್ನು ಅವಳು ಕಂಡಿದ್ದಳು.

*

ಕಾರುಗಳು ಹೋದವು. ನೆಲದ ಮೇಲೆ ರಿಬ್ಬನ್ನಿನ ಚೂರು ಉಳಿದಿತ್ತು. ಸುಮಂಗಲಾ ಅದನ್ನು ಗುಡಿಸುತ್ತಿದ್ದಾಗ ಒಬ್ಬ ಹೆಂಗಸು ಬಾಗಿಲಲ್ಲಿ ಇಣುಕಿದಳು. ಜೀನ್ಸು, ಕೊರಳಲ್ಲಿ ಕಂಪನಿಯ ಗುರುತಿನ ಚೀಟಿ. ಕಂಕುಳಲ್ಲಿ ಮೂರು ವರ್ಷದ ಹುಡುಗ, ಅವನ ಕೈಯಲ್ಲಿ ಬಿಸ್ಕೀಟು. ಸುಮಂಗಲಾ ಹುಲಿಗೆವ್ವನ ಜೊತೆ ಮಾತಾಡಿದ್ದು ಅವಳ ಕಿವಿಗೆ ಬಿದ್ದಿತ್ತು.

"ಅಯ್ಯೋ, ನೀವು ಕನ್ನಡದವ್ರಾ? ಎಷ್ಟ್ ಖುಷಿ ಆಯ್ತು ಗೊತ್ತಾ. ನಾನು ಧನುಶ್ರೀ. ಮಂಡ್ಯ ಕಡೆ. ಇವನು ಪುನೀತ, ಮೂರು ದಿನದಿಂದ ಕೆಮ್ಮು, ಜ್ವರ. ಡಾಕ್ಟರ್ ಅಡ್ಮಿಟ್ ಮಾಡಿ, ಸೇಫ್ ಸೈಡ್ ಆಕ್ಸಿಜನ್ ಇರೋ ರೂಮ್ ಕೊಡ್ತೀನಿ ಅಂದ್ರು. ಇದೇನಾ ರೂಮು?"

ಸುಮಂಗಲಾಳ ಕೈಯಲ್ಲಿ ಕಸಬರಿಗೆ ನಿಂತಿತು.

"ಇಲ್ಲಿ ಒಂದು ಕೂಸು ಅದ ಅಲ್ರಿ ಅಕ್ಕಾರ," ಎಂದಳು.

"ಅದು ಡಿಸ್ಚಾರ್ಜ್ ಅಂತೆ?"

ಆಗಲೇ ಕೇತಕಿ ಸಿಸ್ಟರ್ ಬಂದರು. ಹಿಂದೆ ರೋಹಿತ ಸರ್. ಸರ್ ಎಂದೂ ದನಿ ಎತ್ತಿದವರಲ್ಲ. ಎಲ್ಲರಿಗೂ ಬೇಟಾ ಎನ್ನುವವರು. ಧನುಶ್ರೀಗೆ ನಕ್ಕು, ಹತ್ತು ನಿಮಿಷ ಹೊರಗೆ ಕೂತಿರಿ ಎಂದರು. ಕೇತಕಿಗೆ ಕಣ್ಣಲ್ಲೇ ಸನ್ನೆ ಮಾಡಿದರು. ಕೇತಕಿ ಗೋಡೆಯ ಗುಂಡಿ ತಿರುಗಿಸಿದರು. ಪೈಪಿನ ಸುಯ್ಯೆನ್ನುವ ಸದ್ದು ಸಣ್ಣದಾಗಿ, ಇನ್ನೂ ಸಣ್ಣದಾಗಿ, ನಿಂತಿತು.

ಆ ಸದ್ದು ಇದ್ದದ್ದು ಅದು ನಿಂತ ಮೇಲೇ ಗೊತ್ತಾಯಿತು.

ಪುಟ್ಟಿ ಬಾಯಿ ತೆರೆದಳು. ತಲೆ ಉಸಿರಿನ ಜೊತೆ ಅಲುಗತೊಡಗಿತು. ತುಟಿಯ ಅಂಚು ಬೂದಿಯ ಬಣ್ಣಕ್ಕೆ ತಿರುಗಿತು. ಬೆರಳಿಗೆ ಹಾಕಿದ ಕ್ಲಿಪ್ಪಿನ ಮಷಿನ್ ಕೂಗಲು ಶುರುಮಾಡಿತು.

"ಸರ್, ಇಳೀತಾ ಇದೆ," ಎಂದರು ಕೇತಕಿ.

ರೋಹಿತ ಸರ್ ಮಷಿನಿನ ಮುಖವನ್ನು ಗೋಡೆಯ ಕಡೆ ತಿರುಗಿಸಿದರು. "ಕ್ಲಿಪ್ ಸರಿಯಾಗಿ ಕೂತಿಲ್ಲ."

ಅವರಿಗೆ ಗೊತ್ತಿತ್ತು. ಅದನ್ನು ಸುಮಂಗಲಾ ಅವರ ಕೈಯಲ್ಲಿ ಕಂಡಳು. ಮಷಿನ್ ತಿರುಗಿಸುವಾಗ ಆ ಕೈ ಅವಸರ ಮಾಡಿತು. ಗೊತ್ತಿಲ್ಲದವರ ಕೈ ಅವಸರ ಮಾಡುವುದಿಲ್ಲ.

"ಸದ್ಯಕ್ಕೆ ಹಚ್ಚಿಡು," ಎಂದು ಕೇತಕಿಗೆ ಹೇಳಿ, ಸುಮಂಗಲಾಳ ಕಡೆ ನೋಡಿದರು. ಮರಾಠಿಯಲ್ಲಿ ನಿಧಾನವಾಗಿ ಹೇಳಿದರು. "ಇವರಿಗೆ ಹೇಳು ಬೇಟಾ. ಮಗು ಈಗ ಎಷ್ಟೋ ಸುಧಾರಿಸಿದೆ. ಔಷಧಿ ಬರೆದಿದ್ದೇನೆ. ಶೆಡ್ಡಿಗೆ ಕರಕೊಂಡು ಹೋಗಲಿ. ಹೆಚ್ಚಾದರೆ ಸರ್ಕಾರಿ ಆಸ್ಪತ್ರೆ ಇದೆ. ಈ ರೂಮು ಖಾಲಿ ಆಗಬೇಕು."

ಕೇತಕಿ ಗುಂಡಿ ಮತ್ತೆ ತಿರುಗಿಸಿದರು. ಸುಯ್ಯೆಂದು ಸದ್ದು ಬಂತು.

ಸುಮಂಗಲಾ ಹೇಳಿದಳು. ಸರ್ ಹೇಳಿದಷ್ಟೇ ಹೇಳಿದಳು. ಅವಳ ದನಿ ಅವಳಿಗೇ ಬೇರೆಯವರದೆನ್ನಿಸಿತು.

ಭೀಮಣ್ಣ ಒಳಗೆ ಬಂದ. ಒಳಗೆ ಬರುವ ಧೈರ್ಯ ಅವನಿಗೆ ಬೆಳಗಿನಿಂದ ಇರಲಿಲ್ಲ. "ಸುಧಾರಿಸ್ಯಾದಂತ? ಈಗ ನಮ್ಮ ಕಣ್ಣ ಮುಂದ ಪೈಪು ಬಂದ್ ಮಾಡಿದ್ರಿ. ಕೂಸು ಕಪ್ಪಾತು. ನಾ ಕುಡ್ಡ ಅಲ್ರಿ. ಶೇಠ ಮುಂಜಾನೆ ತಲಿ ಮ್ಯಾಲ ಕೈ ಇಟ್ಟಾನ. ಎರಡ ಸಲ ಇಟ್ಟಾನ. ಅವನಿಗೆ ಫೋನ್ ಮಾಡ್ರಿ. ನಾವು ಹೋಗಂಗಿಲ್ಲ."

ರೋಹಿತ ಸರ್ ಅದನ್ನು ಕನ್ನಡದಲ್ಲೇ ಅರ್ಥಮಾಡಿಕೊಂಡರು. ಬೇಡ ಎನ್ನುವ ಮಾತು ಎಲ್ಲ ಭಾಷೆಯಲ್ಲೂ ತಿಳಿಯುತ್ತದೆ. ಅವರು ಹಾಸಿಗೆಯ ಹತ್ತಿರ ಬಂದರು. ಎರಡು ಬೆರಳಿನಿಂದ ಗುಲಾಬಿ ಅಂಗಿ ಎತ್ತಿದರು. ಸುಮಂಗಲಾ ಇಟ್ಟಿದ್ದ ಮೆತ್ತನೆ ಬಟ್ಟೆ ತೆಗೆದು ಪಕ್ಕಕ್ಕೆ ಹಾಕಿದರು.

"ಇದು ಏನು ಕೇಳು. ಯಾರು ಮಾಡಿದ್ದು ಕೇಳು. ಹಸುಗೂಸನ್ನು ಸುಡುವುದು ಅಪರಾಧ. ಪೊಲೀಸರಿಗೆ ತಿಳಿಸುವುದು ನನ್ನ ಕರ್ತವ್ಯ. ತಾಯಿಯನ್ನು ಎಳಕೊಂಡು ಹೋಗುತ್ತಾರೆ. ಆದರೆ ನಾನು ಬಡವರ ಮೇಲೆ ಕೇಸು ಹಾಕುವ ಮನುಷ್ಯ ಅಲ್ಲ. ಸುಮ್ಮನೆ ಹೋದರೆ ನಾನು ಏನೂ ನೋಡಿಲ್ಲ. ಹೇಳು."

ಬೆಳಿಗ್ಗೆ ಇದೇ ಹೊಟ್ಟೆ ಕಾಣಬಾರದು ಎಂದ ಬಾಯಿ ಇದು. ಸುಮಂಗಲಾ ಹೇಳಿದಳು. ಪೊಲೀಸ್ ಎಂಬ ಮಾತಿಗೆ ಕನ್ನಡ ಬೇಕಿರಲಿಲ್ಲ. ಅದು ಮೊದಲೇ ಮುಟ್ಟಿತ್ತು.

ಹುಲಿಗೆವ್ವ ನೆಲದ ಮೇಲಿದ್ದ ಹಳೇ ಬಟ್ಟೆ ಎತ್ತಿ, ಕೂಸನ್ನು ಸುತ್ತಲು ಹರಡಿದಳು.

"ಅರ್ಧ ಗಂಟೆ ಕೊಡು," ಎಂದು ಕೇತಕಿಗೆ ಹೇಳಿ ಸರ್ ಹೊರಗೆ ಹೋದರು.

*

"ಎಲ್ಲಿಗೆ ಹೋಗ್ತೀರಿ?" ಎಂದಳು ಸುಮಂಗಲಾ.

ಭೀಮಣ್ಣ ಗೋಡೆಯ ಜಿರಾಫೆ ನೋಡುತ್ತಿದ್ದ. ಈಗ ಅವನ ದನಿ ಇಳಿದಿತ್ತು. "ಸರ್ಕಾರಿ ದವಾಖಾನಿಗೆ ಹೋದ್ರ ಅಲ್ಲೂ ಅಂಗಿ ಎತ್ತತಾರ್ರಿ. ಅಲ್ಲೂ ಪೊಲೀಸ್ ಬರ್ತಾರ. ಇಕೀನ ಒಳಗ ಹಾಕಿದ್ರ ನಾ ಎಲ್ಲಿ ಹುಡುಕ್ಲಿ? ಊರಿಗೆ ಹೋಗ್ತೀವಿ. ಕಾತ್ರಜದ ಹಂತ್ಯಾಕ ಸಂಜಿಗೆ ಟ್ರಾವೆಲ್ಸ್ ಬಸ್ ಬಿಡ್ತಾವ. ಬೆಳಕ ಹರಿಯೋದ್ರಾಗ ಯಾದಗಿರಿ. ಅಲ್ಲಿ ನಮ್ಮವರದಾರ. ಏನಾದ್ರೂ ನಮ್ಮ ಮಣ್ಣಾಗ ಆಗ್ಲಿ."

ಏನಾದ್ರೂ ಎಂದರೆ ಏನು ಎಂದು ಮೂವರಿಗೂ ಗೊತ್ತಿತ್ತು. ಸುಮಂಗಲಾಳ ಕಣ್ಣ ಮುಂದೆ ಬಸ್ಸು ಬಂತು. ಹಿಂದಿನ ಸೀಟು, ಕಿಟಕಿಯ ಗಾಳಿ, ಮಡಿಲಲ್ಲಿ ಬಟ್ಟೆಯ ಗಂಟು. ಪೈಪಿಲ್ಲದೆ ಈ ಕೂಸು ಅರ್ಧ ದಾರಿಗೂ ಮೊದಲೇ ಸಿಗುವ ಇಂದಾಪುರವನ್ನೂ ದಾಟುವುದಿಲ್ಲ. ಕೂಸು ಮಲಗಿದೆ ಎಂದು ತಾಯಿ ಅಂದುಕೊಂಡಿರುತ್ತಾಳೆ. ಪಕ್ಕದ ಸೀಟಿನವರು ಎಬ್ಬಿಸಬೇಡಿ ಎನ್ನುತ್ತಾರೆ.

ಹುಲಿಗೆವ್ವ ಕೂಸಿನ ಕೆನ್ನೆಯ ಟೇಪಿಗೆ ಕೈ ಹಾಕಿದಳು.

"ಹೋಗಬ್ಯಾಡ್ರಿ," ಎಂದಳು ಸುಮಂಗಲಾ.

ಹುಲಿಗೆವ್ವ ತಿರುಗಿ ನೋಡಿದಳು. "ಡಾಕ್ಟರ್ ಹಂಗಂದ್ನೇನ್ ಯಕ್ಕಾ?"

"ಇಲ್ಲ. ಇದು ಡಾಕ್ಟರ್ ಮಾತಲ್ಲ. ನನ್ನ ಮಾತು." ಒಮ್ಮೆ ಶುರುವಾದ ಮೇಲೆ ನಿಲ್ಲಿಸುವುದು ಅವಳ ಕೈಯಲ್ಲಿರಲಿಲ್ಲ. "ಕೂಸು ಸುಧಾರಿಸಿಲ್ಲ. ಈ ಪೈಪು ತೆಗದ್ರ ಸಂಜಿತನ ಉಳಿಯಂಗಿಲ್ಲ. ಅದು ಅವರಿಗೂ ಗೊತ್ತದ. ಈ ಖೋಲಿ ಹೊರಗ ಕುಂತಾರಲ್ಲ, ಅವರ ಮಗನಿಗೆ ಬೇಕಾಗ್ಯಾದ. ನಿಮ್ಮನ್ನ ಕರಕೊಂಡು ಬಂದಿದ್ದು ಫೋಟೋಕ್ಕ. ಫೋಟೋ ಆತು."

ಭೀಮಣ್ಣ ಅವಳನ್ನೇ ನೋಡಿದ. "ಚುಟಿಗಿ ಹಾಕಿದ್ದು?"

"ಅದು ತಪ್ಪು. ದೊಡ್ಡ ತಪ್ಪು. ಶರಣಮ್ಮಾಯಿ ಸಿಕ್ರ ನಾನೇ ಬೈತೀನಿ. ಜಡ್ಡಾದ ಕೂಸಿಗೆ ಮ್ಯಾಲ ಇನ್ನೊಂದ್ ಉರಿ. ಆದ್ರ ಅದಕ್ಕ ಶಿಕ್ಷಾ ಅಂತ ಉಸಿರು ಕಿತ್ತಗೋಂತ ಯಾವ ಕಾಯ್ದೆದಾಗೂ ಇಲ್ಲ." ಸ್ವಲ್ಪ ತಡೆದು ಹೇಳಿದಳು. "ನನಗೂ ಅವ ಚುಟಿಗಿ. ಈ ಬಿಳಿ ಬಟ್ಟಿ ಕೆಳಗ."

ಹುಲಿಗೆವ್ವ ಟೇಪಿನಿಂದ ಕೈ ತೆಗೆದಳು.

ಬಾಗಿಲಲ್ಲಿ ನೆರಳಾಯಿತು. ಧನುಶ್ರೀ ನಿಂತಿದ್ದಳು. ಎಲ್ಲ ಕೇಳಿಸಿಕೊಂಡಿದ್ದಳು. ಈ ಆಸ್ಪತ್ರೆಯಲ್ಲಿ ಇವರು ಮಾತಾಡಿದ್ದು ತಿಳಿಯುವ ಹೊರಗಿನವಳು ಅವಳೊಬ್ಬಳೇ.

"ನನಗೆ ಹೀಗಂತ ಹೇಳಿರ್ಲಿಲ್ಲ," ಎಂದಳು. "ನಮ್ ಮಗುಗೆ ಆಕ್ಸಿಜನ್ ಬೇಕೇ ಬೇಕಾ? ನಿಜ ಹೇಳಿ."

"ನಿಮ್ಮ ಮಗ ಬಿಸ್ಕೀಟು ತಿನ್ಲಾಕತ್ಯಾನ್ರಿ ಅಕ್ಕಾರ."

ಧನುಶ್ರೀ ಮಗನ ಕೈ ನೋಡಿದಳು. ಆಮೇಲೆ ಪುಟ್ಟಿಯ ಪಕ್ಕೆ ನೋಡಿದಳು. "ನಾನ್ ಏನ್ ಮಾಡೋಕಾಗತ್ತೆ? ಡಾಕ್ಟರ್ ಹೇಳಿದ್ದು. ಒಂದ್ನಿಮಿಷ, ನಮ್ಮನೆಯವ್ರಿಗೆ ಕಾಲ್ ಮಾಡ್ತೀನಿ." ಹೊರಗೆ ಹೋದಳು. ಕಾರಿಡಾರಿನಲ್ಲಿ ಅವಳ ಚಪ್ಪಲಿಯ ಸದ್ದು ಕೇಳಿಸಿತು. ಆಮೇಲೆ ಲಿಫ್ಟಿನ ಸದ್ದು. ಆಮೇಲೆ ಏನೂ ಇಲ್ಲ. ಅವಳು ಯಾರಿಗೂ ಏನೂ ಹೇಳದೆ ಹೋಗಿಬಿಟ್ಟಿದ್ದಳು.

ಭೀಮಣ್ಣ ಮೊಬೈಲು ತೆಗೆದ. ಸೈಟಿನ ಗುಂಪು ತೆರೆದ. ಅಲ್ಲಿ ಪುಟ್ಟಿ ಇದ್ದಳು. ಗುಲಾಬಿ ಅಂಗಿ, ಮೂಗಿಗೆ ಪೈಪು, ತಲೆಯ ಮೇಲೆ ಶೇಠರ ಕೈ. ಕೆಳಗೆ ಜನ ಸಾಲುಸಾಲಾಗಿ ಕೈಮುಗಿದ ಗುರುತು ಹಾಕಿದ್ದರು.

ಅವನು ಗುಂಡಿ ಒತ್ತಿ ಹಿಡಿದು ಮಾತಾಡಿದ. ಕೂಗಲಿಲ್ಲ. "ನಾನು ಭೀಮಣ್ಣ. ಫೋಟೋ ನೋಡಿ ಖುಷಿ ಪಟ್ಟೀರಿ ಎಲ್ಲರೂ. ಫೋಟೋದಾಗ ಮೂಗಿಗೆ ಪೈಪು ಅದ ಅಲ್ಲ, ಅದನ್ನ ಈಗ ಕಿತ್ತತಾರಂತ. ಫೋಟೋ ಮುಗೀತಂತ. ಚುಟಿಗಿ ಹಾಕಿದ್ದಕ್ಕ ಹುಲಿಗಿಗೆ ಪೊಲೀಸ್ ಕರೀತಾರಂತ. ಸುಮ್ನ ಹೋದ್ರ ಬಿಡ್ತಾರಂತ. ನಾವು ಸುಮ್ನ ಹೋಗಂಗಿಲ್ಲ. ನಿಮಗ ತಿಳದಂಗ ಮಾಡ್ರಿ."

ಕಳಿಸಿದ. ಮೊಬೈಲನ್ನು ಅಂಗಿಯ ಜೇಬಿಗೆ ಹಾಕಿ ಬಾಗಿಲಲ್ಲಿ ಕೂತ.

"ಸ್ಲ್ಯಾಬ್ ದಿನ ಯಾರ್ ಬರ್ತಾರ?" ಎಂದಳು ಹುಲಿಗೆವ್ವ.

ಸುಮಂಗಲಾ ಅವಳ ಕೈಗೆ ಬಟ್ಟಲು, ಚಮಚ ಕೊಟ್ಟಳು. "ಮಲಿಗೆ ಹಚ್ಚಿದ್ರ ದಮ್ಮು ಹತ್ತತಾದ. ಹಾಲು ಹಿಂಡಿ ಕೊಡು. ಹನಿ ಹನಿ ಹಾಕೋಣು. ನುಂಗಿದ ಮ್ಯಾಲ ಇನ್ನೊಂದು." ಹುಲಿಗೆವ್ವ ಗೋಡೆಗೆ ಮುಖ ಮಾಡಿ ಕೂತಳು. ಸುಮಂಗಲಾ ಕೂಸನ್ನು ಎದೆಗೆ ನೆಟ್ಟಗೆ ಆನಿಸಿಕೊಂಡು, ಪೈಪು ಜಗ್ಗದಂತೆ ಹಿಡಿದು ಕಾದಳು. ಅವಳ ಕೈಗೆ ಆ ಸಣ್ಣ ಬೆನ್ನಿನ ಬಡಿತ ತಾಗುತ್ತಿತ್ತು. ಒಂದೊಂದು ಬಡಿತವೂ ಹೊಸದಾಗಿ ತೀರ್ಮಾನ ಮಾಡಿ ಬಂದಂತಿತ್ತು.

*

ಅರ್ಧ ಗಂಟೆಗೆ ರೋಹಿತ ಸರ್ ಬಂದರು. ಧನುಶ್ರೀ ಹೋದ ಸುದ್ದಿ ಅವರಿಗೆ ತಿಳಿದಿತ್ತು. ಮುಖದಲ್ಲಿ ನಗು ಇರಲಿಲ್ಲ.

"ಇನ್ನೂ ಹೋಗಿಲ್ಲವಾ? ನೀನು ಏನು ಹೇಳಿದೆ ಇವರಿಗೆ?"

"ನೀವು ಹೇಳಿದ್ದನ್ನೂ ಹೇಳಿದೆ ಸರ್. ಹೇಳದ್ದನ್ನೂ ಹೇಳಿದೆ."

ಮರಾಠಿಯಲ್ಲಿ ಅಷ್ಟು ಉದ್ದದ ಮಾತನ್ನು ಅವಳು ಅವರೆದುರು ಹಿಂದೆ ಆಡಿರಲಿಲ್ಲ. ಸರ್ ಅವಳನ್ನು ಮೊದಲ ಸಲ ನೋಡುವಂತೆ ನೋಡಿದರು.

"ಆ ಬಟ್ಟೆ ಬಿಚ್ಚಿ ಕೊಟ್ಟು ಹೋಗು. ನಾಳೆಯಿಂದ ಬರಬೇಡ. ಬಟ್ಟೆ ಹಾಕಿದ ಕೂಡಲೇ ಸಿಸ್ಟರ್ ಆಗಿಬಿಟ್ಟೆಯಾ? ಕೇತಕಿ, ಪೈಪು ತೆಗಿ."

ಕೇತಕಿ ಗೋಡೆಯ ಹತ್ತಿರ ಹೋದರು. ಗುಂಡಿಯ ಮೇಲೆ ಕೈ ಇಟ್ಟರು. ಅವರಿಗೂ ಮನೆ ಇತ್ತು, ಮಗಳ ಕಾಲೇಜು ಇತ್ತು. ಸುಮಂಗಲಾ ಅವರ ಕೈ ನೋಡುತ್ತ ಕೂಸನ್ನು ಇನ್ನಷ್ಟು ಹತ್ತಿರ ಎಳೆದುಕೊಂಡಳು. ಕೇತಕಿ ಆ ಕೈಯನ್ನು ಹಾಗೇ ಇಟ್ಟುಕೊಂಡು ನಿಂತರು. ತಿರುಗಿಸಲಿಲ್ಲ. ತೆಗೆಯಲೂ ಇಲ್ಲ.

"ಕೇತಕಿ."

"ಜಾಮ್ ಆಗಿದೆ ಸರ್," ಎಂದರು ಕೇತಕಿ. ಗೋಡೆಯ ಕಡೆಯೇ ಮುಖ.

ಆಗ ಕೆಳಗಿನಿಂದ ಸದ್ದು ಬಂತು. ಕಾವಲುಗಾರ ಏನೋ ಕೂಗುತ್ತಿದ್ದ. ಮೆಟ್ಟಿಲ ಮೇಲೆ ಬರಿಗಾಲುಗಳು. ಭೀಮಣ್ಣ ಎದ್ದು ನಿಂತ.

ಮೊದಲು ಬಂದವಳು ಶರಣಮ್ಮ. ಮುದುಕಿ, ಬೆನ್ನು ಬಾಗಿತ್ತು. ಅವಳ ಹಿಂದೆ ಹೆಂಗಸರು. ಸೀರೆಯ ಮೇಲೆ ಗಂಡಸರ ಅಂಗಿ, ತಲೆಯ ಮೇಲೆ ಬುಟ್ಟಿ ಇಡುವ ಸಿಂಬಿ ಹಾಗೇ ಇತ್ತು. ಮೊಣಕಾಲಿನ ತನಕ ಹಸಿ ಕಾಂಕ್ರೀಟು. ನುಣುಪು ನೆಲದ ಮೇಲೆ ಬೂದು ಹೆಜ್ಜೆಗಳು ಸಾಲಾಗಿ ಮೂಡಿದವು. ಖೋಲಿ ತುಂಬಿತು, ಕಾರಿಡಾರು ತುಂಬಿತು. ಯಾರೂ ಕೂಗಲಿಲ್ಲ. ಒಬ್ಬೊಬ್ಬರೇ ನೆಲಕ್ಕೆ ಕೂತರು.

"ಸ್ಲ್ಯಾಬು?" ಎಂದ ಭೀಮಣ್ಣ. ಅವನಿಗೆ ಮೊದಲು ಬಂದ ಮಾತು ಅದೇ.

"ಅರ್ಧಕ್ಕ ಬಿಟ್ಟು ಬಂದೀವಿ," ಎಂದಳು ಶರಣಮ್ಮ. "ಮಿಕ್ಸರ್ ತಿರುಗ್ಲಾಕತ್ಯಾದ. ಹೊರವ್ರು ಯಾರೂ ಇಲ್ಲ. ಸುಪರ್ವೈಜರ್ ತಾನ ಬುಟ್ಟಿ ಹೊತ್ತಾನ. ನೋಡ್ಬೇಕಿತ್ತು ನೀ, ಸಿಮೆಂಟ್ ಬಳಕೊಂಡು, ಅರಿಶಿಣ ಹಚ್ಚಿದ ಮದುಮಗನಂಗ ಕಾಣ್ತಿದ್ದ." ಯಾರೋ ಮುಸಿ ನಕ್ಕರು. ಶರಣಮ್ಮ ನಗಲಿಲ್ಲ. ಹಾಸಿಗೆಯ ಹತ್ತಿರ ಬಂದು ಪುಟ್ಟಿಯ ಕಾಲು ಮುಟ್ಟಿದಳು.

"ಆಯಿ, ನೀ ಚುಟಿಗಿ ಹಾಕಬಾರದಿತ್ತು," ಎಂದಳು ಸುಮಂಗಲಾ.

ಮುದುಕಿ ಕೂಸಿನ ಕಾಲಿನಿಂದ ಕೈ ತೆಗೆದಳು. "ಗೊತ್ತದ ಮಗಳ. ನನ್ನ ಹಂತ್ಯಾಕ ಬ್ಯಾರೆ ಏನಿತ್ತು? ಇಂಥ ಪೈಪು ಇತ್ತೇನು?" ಆಮೇಲೆ ರೋಹಿತ ಸರ್ ಕಡೆ ತಿರುಗಿದಳು. "ಇವನೇನು ಪೊಲೀಸ್ ಕರಿಯಾಂವ? ಹೇಳವನಿಗೆ. ಚುಟಿಗಿ ಹಾಕಿದ ಕೈ ಇದು. ಹುಲಿಗೀದಲ್ಲ. ನನ್ನ ಒಯ್ಯಂತ ಹೇಳು. ಇಲ್ಲಿ ಕುಂತಾರಲ್ಲ, ಇವರೊಳಗ ಚುಟಿಗಿ ಇಲ್ಲದ ಹೊಟ್ಟಿ ಒಂದು ತೋರ್ಸು. ದವಾಖಾನಿ ಕಾಣದಾವ್ರು ಅನ್ನಾಕ ಅದ ನಮ್ಮ ಗುರುತು. ಎಲ್ಲರ್ನೂ ಒಯ್ಲಿ. ಆದ್ರ ಪೊಲೀಸ್ ಬರೋತನ ಕೂಸು ಇಲ್ಲೇ ಇರ್ಬೇಕಲ್ಲ? ಸಾಕ್ಷಿ ಅಲ್ಲೇನು ಅದು? ಇರ್ಲಿ. ಪೈಪು ಹಚಕೊಂಡೇ ಇರ್ಲಿ."

ರೋಹಿತ ಸರ್ ಮೊಬೈಲು ಕೈಗೆ ತೆಗೆದುಕೊಂಡರು. ಹೆಬ್ಬೆರಳು ಅದರ ಮೇಲೆ ನಿಂತಿತು. ಎಲ್ಲರೂ ಆ ಹೆಬ್ಬೆರಳನ್ನು ನೋಡಿದರು. ಅದು ಅಲುಗಲಿಲ್ಲ. ಪೊಲೀಸರು ಬಂದರೆ ಅವರೂ ಫೋಟೋ ನೋಡುತ್ತಾರೆ. ನಾಲ್ಕು ಬಿಳಿ ಬಟ್ಟೆಗಳಲ್ಲಿ ಮೂರು ಯಾರವು ಎಂದು ಕೇಳುತ್ತಾರೆ.

ಖೋಲಿಯಲ್ಲಿ ಪೈಪಿನ ಸುಯ್ ಒಂದೇ ಇತ್ತು.

ಮೊಬೈಲು ಅವರ ಕೈಯಲ್ಲೇ ಹೊಡೆದುಕೊಂಡಿತು. ಅವರು ಹೆಸರು ನೋಡಿದರು. ಮುಖ ಬಿಳಿಚಿತು. ಕಿವಿಗಿಟ್ಟುಕೊಂಡು ಹೋ ಶೇಠ, ಹೋ ಶೇಠ ಎಂದು ಹೌದುಗುಟ್ಟಿದರಷ್ಟೇ. ಆ ಕಡೆಯ ದನಿ ಹೊರಗೂ ಕೇಳುತ್ತಿತ್ತು. ಮಾತು ಪೂರ್ತಿ ತಿಳಿಯಲಿಲ್ಲ. ಸ್ಲ್ಯಾಬ್ ಎಂಬುದು ಮೂರು ಸಲ ಬಂತು. ಮಗು ಎಂಬುದು ಒಂದು ಸಲವೂ ಬರಲಿಲ್ಲ.

ಮೊಬೈಲು ಇಳಿಸಿದರು. ದನಿ ಮತ್ತೆ ಮೆತ್ತಗಾಗಿತ್ತು. "ಇವರಿಗೆ ಹೇಳು ಬೇಟಾ. ಇವತ್ತು ರಾತ್ರಿ ಮಗು ಇಲ್ಲೇ ಇರಲಿ. ಏನೋ ತಪ್ಪು ತಿಳುವಳಿಕೆ ಆಯಿತು. ಇವರೆಲ್ಲ ಈಗಲೇ ಕೆಲಸಕ್ಕೆ ಹೋಗಲಿ. ಅಲ್ಲಿ ಕಾಂಕ್ರೀಟು ಗಟ್ಟಿಯಾಗುತ್ತಿದೆ."

ಸುಮಂಗಲಾ ಹೇಳಿದಳು.

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ಕಾಂಕ್ರೀಟು ಗಟ್ಟಿಯಾಗುವುದು ಅವರಿಗೆ ಹೊಸ ಸುದ್ದಿಯಲ್ಲ. ಎಷ್ಟು ಹೊತ್ತಿಗೆ ಗಟ್ಟಿಯಾಗುತ್ತದೆ ಎಂದು ಅವರ ಕಾಲಿಗೇ ಗೊತ್ತಾಗುತ್ತಿತ್ತು. ಕೂತಲ್ಲೇ ಅದು ಒಣಗಿ ಚರ್ಮವನ್ನು ಬಿಗಿಯುತ್ತಿತ್ತು. ಒಬ್ಬಳೂ ಏಳಲಿಲ್ಲ.

ಶರಣಮ್ಮ ಕೂತಲ್ಲಿಂದಲೇ ಮಾತಾಡಿದಳು. "ಒಂದ್ ರಾತ್ರಿ ಯಾಕ? ಕೂಸು ತಾನಾಗೇ ಮಲಿ ಕುಡಿಯೋತನ ಇರ್ತದ. ಈ ಖೋಲಿ ಮ್ಯಾಲ ನಮ್ಮ ಹೆಸರು ಬರದಾರ. ಅಂದ ಮ್ಯಾಲ ನಾಳಿ ಇನ್ನೊಬ್ಬಾಕಿ ಕೂಸೂ ಇಲ್ಲೇ ಬರ್ತದ. ಮತ್ತ ಈ ಹುಡುಗಿ ಇಲ್ಲೇ ಕೆಲಸಕ್ಕಿರ್ಬೇಕು. ಅಷ್ಟ್ ಶೇಠನ ಬಾಯಿಲೆ ಕೇಳಿದ ಮ್ಯಾಲ ಏಳ್ತೀವಿ. ಕಾಂಕ್ರೀಟ್ ಆರಿದ್ರ ಆರ್ಲಿ. ಒಡದು ಮತ್ತ ಹಾಕ್ಲಾಕ ಬರ್ತದ ಅದನ್ನ. ಕೂಸಿನ ಹಂಗಲ್ಲ. ಫೋಟೋಕ್ಕೊಂದು ಉಸಿರು, ಮನಿಗೊಂದು ಉಸಿರು ಇಟ್ಟ ಈ ಬಾಡ್ಯಾಗ ಹೇಳು."

ರೋಹಿತ ಸರ್ ಸುಮಂಗಲಾಳ ಕಡೆ ತಿರುಗಿದರು. "ಏನನ್ನುತ್ತಾಳೆ ಮುದುಕಿ?"

ಇಷ್ಟು ವರ್ಷಗಳಲ್ಲಿ ಈ ಕಟ್ಟಡದಲ್ಲಿ ಮಾತು ಒಂದೇ ಕಡೆಗೆ ಹರಿದಿತ್ತು. ಮರಾಠಿಯಿಂದ ಕನ್ನಡಕ್ಕೆ, ಮೇಲಿನಿಂದ ಕೆಳಕ್ಕೆ. ಈ ಕಡೆಯವರು ಏನೆನ್ನುತ್ತಾರೆ ಎಂದು ಯಾರೂ ಅವಳನ್ನು ಕೇಳಿರಲಿಲ್ಲ.

ಸುಮಂಗಲಾ ಪುಟ್ಟಿಯನ್ನು ಹುಲಿಗೆವ್ವನ ಮಡಿಲಿಗೆ ಕೊಟ್ಟಳು. ಪೈಪಿನ ಮಡಿಕೆ ಬಿಡಿಸಿದಳು. ಗೋಡೆಯ ಕಡೆ ತಿರುಗಿಸಿದ್ದ ಮಷಿನನ್ನು ಎಲ್ಲರಿಗೂ ಕಾಣುವಂತೆ ಈ ಕಡೆ ತಿರುಗಿಸಿ ಇಟ್ಟಳು. ಆಮೇಲೆ ನೆಟ್ಟಗೆ ನಿಂತು, ಶರಣಮ್ಮ ಹೇಳಿದ್ದನ್ನೆಲ್ಲ ಮರಾಠಿಯಲ್ಲಿ ಹೇಳಿದಳು. ಬೈಗುಳವನ್ನೂ ಬಿಡಲಿಲ್ಲ.